ಗದ್ದೆಯಲ್ಲಿ ಕಳೆದ ಹತ್ತೊಂಬತ್ತರ ಪಾನಾ

ಹೈದರಾಬಾದಿನಲ್ಲಿ ನಾನು ವಿಮಾನ ರಿಪೇರಿ ಮಾಡುವ ಕೆಲಸದಲ್ಲಿದ್ದೆ. ಹೀಗೆಂದರೆ ನಮ್ಮ ಶಹಾಪುರದಲ್ಲಿ ಇವತ್ತಿಗೂ ಅರ್ಧ ಜನ ನಂಬುವುದಿಲ್ಲ. ವಿಮಾನ ಕಂಪನಿಯ ಹೆಂಗಸು ಅಂದರೆ ಒಳಗೆ ಚಹಾ ಕೊಡುವವಳೇ ಇರಬೇಕು ಎಂದು ಅವರ ಎಣಿಕೆ. ನಾನು ಯಾರಿಗೂ ಚಹಾ ಕೊಟ್ಟಿಲ್ಲ. ಚಕ್ರ ಬಿಚ್ಚಿದ್ದೇನೆ, ಬ್ರೇಕು ಬದಲಿಸಿದ್ದೇನೆ, ಎಂಜಿನ್ನಿನ ಮುಚ್ಚಳ ತೆರೆದು ಮೊಣಕೈವರೆಗೆ ಎಣ್ಣೆ ಮಾಡಿಕೊಂಡಿದ್ದೇನೆ.

ಆ ಕೆಲಸದಲ್ಲಿ ಒಂದು ಪದ್ಧತಿ ಇದೆ. ನಟ್ಟು ತಿರುಗಿಸುವ ಪಾನಾ ಇರಲಿ, ಸಣ್ಣ ಟಾರ್ಚು ಇರಲಿ, ಪ್ರತಿಯೊಂದಕ್ಕೂ ಸಾಮಾನಿನ ಪೆಟ್ಟಿಗೆಯಲ್ಲಿ ಅದರದೇ ಆಕಾರದ ಗೂಡು ಕೊರೆದಿರುತ್ತಾರೆ. ಕೆಲಸ ಮುಗಿದ ಮೇಲೆ ಒಂದೇ ಒಂದು ಗೂಡು ಖಾಲಿ ಕಂಡರೂ ಆ ವಿಮಾನ ಹಾರುವಂತಿಲ್ಲ. ಪಾನಾ ಸಿಗಬೇಕು, ಇಲ್ಲವೇ ಅದು ಒಳಗಿಲ್ಲ ಎಂದು ಖಾತ್ರಿಯಾಗಬೇಕು. ಇದಾದ ಮೇಲೆ ಇನ್ನೊಬ್ಬರು ಬಂದು ನೋಡುತ್ತಾರೆ. ನಾನು ಬಿಗಿ ಮಾಡಿದ್ದನ್ನು ಅವರು ಮುಟ್ಟಿ ನೋಡುವುದು, ಅವರು ಬಿಗಿ ಮಾಡಿದ್ದನ್ನು ನಾನು. ಹೊಸದರಲ್ಲಿ ನನಗೆ ಇದು ಅವಮಾನ ಅನ್ನಿಸುತ್ತಿತ್ತು. ಆಮೇಲೆ ಗೊತ್ತಾಯಿತು, ಮನುಷ್ಯನ ಕಣ್ಣು ತಾನು ಮಾಡಿದ ಕೆಲಸವನ್ನು ನೋಡುವಾಗ ಮಾತ್ರ ಸುಳ್ಳು ಹೇಳುತ್ತದೆ. ಮಾಡಬೇಕಿದ್ದದ್ದನ್ನು ಮಾಡಿಯಾಗಿದೆ ಎಂದೇ ಅದಕ್ಕೆ ಕಾಣುತ್ತದೆ.

ರೋಗದ ವರ್ಷ ಬಂತು. ವಿಮಾನಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಎಂಜಿನ್ನುಗಳ ಬಾಯಿಗೆ ಬಟ್ಟೆ ಕಟ್ಟಿದೆವು. ನಿಂತಲ್ಲೇ ನಿಂತರೆ ಚಕ್ರ ಒಂದು ಕಡೆ ಚಪ್ಪಟೆಯಾಗುತ್ತದೆ; ಅದಕ್ಕೆ ಆಗಾಗ ಹೋಗಿ ಸ್ವಲ್ಪ ಸ್ವಲ್ಪ ಉರುಳಿಸಿ ಬರುತ್ತಿದ್ದೆವು. ಪಾರಿವಾಳಗಳು ರೆಕ್ಕೆಯ ಸಂದಿಯಲ್ಲಿ ಕಡ್ಡಿ ತಂದು ಇಡುತ್ತಿದ್ದವು. ಆಮೇಲೆ ಅದಕ್ಕೂ ಇಷ್ಟು ಜನ ಬೇಡ ಎಂದರು. ಪಗಾರವಿಲ್ಲದ ರಜೆ ಕೊಟ್ಟು ಮನೆಗೆ ಕಳಿಸಿದರು. ಮತ್ತೆ ಕರೆದಾಗ ಹೋದೆ. ಕಂಪನಿಯ ಊಟದ ಮೇಜಿನಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ ಇದ್ದವು.

ಹೋದವರು ಯಾಕೆ ಹೋದರು ಎಂದು ಎಲ್ಲರೂ ಸಂಬಳದ ಮಾತೇ ಆಡುತ್ತಾರೆ. ನನ್ನ ಕಿವಿಗೆ ಬಿದ್ದದ್ದು ಬೇರೆ. ಯಾದಗಿರಿಯ ಒಬ್ಬಳು ವಿಮಾನದ ಒಳಗೆ ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಊರಿಗೆ ಬರುವಾಗ ರೈಲಿನಲ್ಲಿ ಜೊತೆಯಾಗುತ್ತಿದ್ದಳು. ಈಗ ಅವಳು ಯಾದಗಿರಿಯಲ್ಲೇ ಚಿಕ್ಕ ಮಕ್ಕಳಿಗೆ ಕಲಿಸುತ್ತಾಳೆ. "ರಾತ್ರಿ ಮಲಗಿ ಮುಂಜಾನೆ ಏಳೋದು ಹ್ಯಾಂಗಿರ್ತದ ಅಂತ ಮರ್ತೇ ಬಿಟ್ಟಿದ್ದೆ ನೋಡು. ಲಾಕ್‌ಡೌನಿನಾಗ ನೆನಪಾತು. ಇನ್ನ ಬಿಡಂಗಿಲ್ಲ" ಅಂದಳು. ಸಾಮಾನು ಹೇರುವ ವಿಭಾಗದಲ್ಲಿದ್ದ ಒಬ್ಬ ಇಡ್ಲಿ ಬಂಡಿ ಹಾಕಿದ. ವಿಮಾನದ ಭಾರ ಜಾಸ್ತಿಯಾದಾಗ ಮೊದಲು ಕೆಳಗಿಳಿಸುವ ಸಾಮಾನು ತಾನೇ ಎಂದು ಮನೆಗೆ ಕಳಿಸಿದಾಗ ಗೊತ್ತಾಯಿತಂತೆ. ನನ್ನ ಜೊತೆಯಲ್ಲೇ ಕಲಿತು ನನ್ನ ಕೆಲಸ ನೋಡುತ್ತಿದ್ದವನು ಲಿಫ್ಟ್ ರಿಪೇರಿಗೆ ಸೇರಿಕೊಂಡ. "ಲಿಫ್ಟು ಕೆಟ್ಟರೆ ಮೆಟ್ಟಿಲಾದರೂ ಇರುತ್ತೆ" ಎಂದು ನಗುತ್ತ ಹೋದ. ಅವನ ಜಾಗಕ್ಕೆ ಯಾರೂ ಬರಲಿಲ್ಲ.

ಒಂದು ಬೆಳಿಗ್ಗೆ ಜನ ಹತ್ತಿ ಕುಳಿತ ವಿಮಾನದ ಹತ್ತಿರ ನಿಂತು ಪೆಟ್ಟಿಗೆ ನೋಡಿದೆ. ಟಾರ್ಚಿನ ಗೂಡು ಖಾಲಿ. ಯಾರನ್ನಾದರೂ ಕೇಳೋಣವೆಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಆ ಕ್ಷಣದಲ್ಲಿ ನನಗೊಂದು ಯೋಚನೆ ಬಂತು: ಹೇಳದಿದ್ದರೆ ಏನಾಗುತ್ತದೆ? ಬಂದಷ್ಟೇ ಬೇಗ ಹೋಯಿತು. ನಾನು ಹೇಳಿದೆ, ವಿಮಾನ ನಿಂತಿತು, ಎಲ್ಲ ತೆರೆದು ಹುಡುಕಿದೆವು. ಟಾರ್ಚು ಪಾಳಿ ಮುಗಿಸಿ ಮನೆಗೆ ಹೋಗಿದ್ದವನ ಜಾಕೀಟಿನ ಕಿಸೆಯಲ್ಲಿತ್ತು. ಮೇಲಧಿಕಾರಿಗಳು ನನ್ನನ್ನು ತಮ್ಮ ತಂಪು ಕೋಣೆಗೆ ಕರೆದು ಕೂರಿಸಿ ತುಂಬ ಮರ್ಯಾದೆಯಿಂದ ಮಾತಾಡಿದರು. ಬೈಯಲಿಲ್ಲ. ಮುಂದಿನ ಸಲ ಮೊದಲು ಎಲ್ಲರಿಗೂ ಫೋನ್ ಮಾಡಿ ನೋಡಿ, ಆಮೇಲೆ ನಿಲ್ಲಿಸಿ ಎಂದರು. ಹೊರಗೆ ಬಂದಾಗ ನನ್ನ ಕೈಗಳು ನಡುಗುತ್ತಿದ್ದವು. ಅವರ ಮಾತಿಗಲ್ಲ. ಆ ಒಂದು ಯೋಚನೆ ನನ್ನೊಳಗೇ ಇತ್ತಲ್ಲ, ಅದಕ್ಕೆ.

ಅದಾದ ಕೆಲವು ವಾರಕ್ಕೆ ನಮ್ಮ ಹಿರಿಯರು, ನನಗೆ ಕೆಲಸ ಕಲಿಸಿದವರು, ಕರೆದು ಹೇಳಿದರು: ಇನ್ನು ಮೇಲೆ ವಿಮಾನ ಹಾರಬಹುದು ಎಂದು ಕೊನೆಯ ಸಹಿ ಹಾಕುವವಳು ನೀನೇ. ನಾನು ಸೇರಿದ ದಿನದಿಂದ ಬಯಸಿದ್ದು ಅದನ್ನೇ. "ನನ್ನ ಸಹಿ ಆದ ಮೇಲೆ ಯಾರು ನೋಡುತ್ತಾರೆ?" ಎಂದು ಕೇಳಿದೆ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಜನ ಬರ್ತಾರಮ್ಮ, ಸ್ವಲ್ಪ ದಿನ ತಡಿ. ರಜೆಗೆ ಹೋಗಿ ಬಾ. ಬರುವುದರೊಳಗೆ ಹೂಂ ಅಂತ ತಿಳಿಸು."

ಹಾಗೆ ಏಪ್ರಿಲ್‌ನಲ್ಲಿ ಶಹಾಪುರದ ನಮ್ಮ ಮನೆಗೆ ಬಂದೆ.

ಅಪ್ಪ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸುದ್ದಿ ಕೇಳಿ ಕುರ್ಚಿಯಿಂದ ಎದ್ದೇ ನಿಂತರು. "ಜನ್ಮಪೂರ್ತಿ ಇನ್ನೊಬ್ಬರ ಸಹಿಗೆ ಬಾಗಿಲ ಹೊರಗ ಕಾಯ್ದೀನಿ ನಾ. ನನ್ನ ಮಗಳು ಸಹಿ ಹಾಕ್ತಾಳ. ಇದರಾಗ ಕೇಳೋದೇನದ?"

ಅವ್ವ ಕೊತ್ತಂಬರಿ ಬಿಡಿಸುತ್ತಿದ್ದಳು. "ಅದಿರಲಿ. ನೀರಿನ ಚರಗಿ ಹಿಡದ್ರ ಕೈ ಯಾಕ ನಡಗಾಕತ್ತಾವ ಇಕಿಂದು? ಮೊದಲ ಅದು ಹೇಳಲಿ."

ಟಾರ್ಚಿನ ಮಾತು ಬಿಟ್ಟು, ನಿದ್ದೆಯಿಲ್ಲ ಎಂದೆ.

ಮೂರನೆಯದೋ ನಾಲ್ಕನೆಯದೋ ದಿನ ಬೆಳಿಗ್ಗೆ ಅಕ್ಕನ ಗಂಡನ ಫೋನು. ಅವರನ್ನು ನಾವು ಮಾಮಾ ಎನ್ನುತ್ತೇವೆ. ಸುರಪುರ ರಸ್ತೆಯ ಕಡೆ ಕಾಲುವೆ ದಂಡೆಯ ಹಳ್ಳಿಯವರು. ಭತ್ತ ಕೊಯ್ಯುವ ಒಂದು ದೊಡ್ಡ ಮಷಿನ್ ಇಟ್ಟುಕೊಂಡು ಸುತ್ತಲಿನ ಗದ್ದೆಗಳನ್ನು ಕೊಯ್ದು ಕೊಡುತ್ತಾರೆ. ಅಂಥ ಮಷಿನ್ನು ಪೈರನ್ನು ಕತ್ತರಿಸಿ, ಒಳಗಿನ ಡ್ರಮ್ಮಿನಲ್ಲಿ ಕಾಳು ಬಡಿದು, ಹುಲ್ಲನ್ನು ಹಿಂದಕ್ಕೆ ಎಸೆಯುತ್ತದೆ.

"ಏ ಇಮಾನದಾಕಿ, ಎದ್ದಿಯೋ ಇಲ್ಲೋ?"

"ಎದ್ದೀನ್ರಿ ಮಾಮಾ."

"ಮಷಿನ್ ಕುಂತದ. ಡ್ರಮ್ಮಿನ ಪಟ್ಟಾ ಸುಟ್ಟ ವಾಸನಿ ಬಂತು, ನಿಂತೇಬಿಡ್ತು. ಮಿಸ್ತ್ರಿ ನಾಳಿ ಬರ್ತೀನಿ ಅಂತಾನ. ನಾಳಿ ಮಳಿ ಬರ್ತದ. ಬಂದು ಒಂದು ಸಲ ಕಣ್ಣಾಡಿಸಿ ಹೋಗು."

"ನಂಗ ಈ ಮಷಿನ್ ಗೊತ್ತಿಲ್ರಿ."

"ಅದಕ್ಕೂ ನೀ ಗೊತ್ತಿಲ್ಲ. ಹೊಂಟ್ ಬರಾಕತ್ತೀನಿ, ತಯಾರಾಗು."

ಮೋಟಾರ್‌ಸೈಕಲ್ಲಿನ ಹಿಂದೆ ಕುಳಿತು ಹೋದೆ. ದಾರಿಯುದ್ದಕ್ಕೂ ಗಾಳಿಗೆ ಬಾಯಿ ಕೊಟ್ಟು ಮಾಮಾ ಕೂಗುತ್ತಿದ್ದರು. ಈ ಕಡೆ ಇಂಥ ಮಷಿನ್ನು ಬಹಳ ಆಗಿವೆ, ಕೆಟ್ಟರೆ ನೋಡುವವರಿಲ್ಲ, ಒಬ್ಬನೇ ಮಿಸ್ತ್ರಿಗೆ ಹತ್ತು ಊರು ಕಾಯುತ್ತವೆ. "ಇಲ್ಲೇ ಒಂದು ಶೆಡ್ಡು ಹಾಕು. ನಾ ಜಾಗಾ ಕೊಡ್ತೀನಿ. ಸುಗ್ಗಿಗೆ ಗದ್ದಿ ತಿರುಗು, ಸುಗ್ಗಿ ಮುಗದ ಮ್ಯಾಲ ಶೆಡ್ಡಿನಾಗ ಮಷಿನ್ ಬಿಚ್ಚು. ಯಾವ ಸೂಳೆಮಗ ನಿನ್ನ ಮನಿಗಿ ಕಳಸ್ತಾನ ನೋಡೂಣು!" ಹಾಸ್ಯಕ್ಕೆ ಅಂದರೆಂದುಕೊಂಡೆ. ಆದರೆ ಆ ಮಾತು ಕಿವಿಯಲ್ಲಿ ಉಳಿಯಿತು. ಹೂಂ ಅಥವಾ ಇಲ್ಲ, ಎರಡರಲ್ಲಿ ಒಂದನ್ನು ಹೈದರಾಬಾದಿಗೆ ಹೇಳಬೇಕಿತ್ತು. ಅಲ್ಲಿಯವರೆಗೆ ಇಲ್ಲ ಅಂದರೆ ಮುಂದೇನು ಎಂಬುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಮಷಿನ್ನು ಗದ್ದೆಯ ನಡುವೆ ನಿಂತಿತ್ತು. ಹಿಂದೆ ಕೊಯ್ದ ಬಯಲು, ಮುಂದೆ ನಿಂತ ಪೈರು. ಬದುವಿನ ಮೇಲೆ ತಾಡಪತ್ರಿ ಹಾಸಿ ಅಲ್ಲಿಯವರೆಗೆ ಕೊಯ್ದ ಭತ್ತ ಸುರಿದಿದ್ದರು. ಪಕ್ಕದಲ್ಲಿ ಗದ್ದೆಯ ಒಡತಿ ಸೆರಗನ್ನು ತಲೆ ಮೇಲೆಳೆದು ಪಡುವಣ ದಿಕ್ಕನ್ನೇ ನೋಡುತ್ತ ಕುಳಿತಿದ್ದಳು. ಎಲ್ಲರೂ ಅವಳನ್ನು ಕಾಕಿ ಎಂದು ಕರೆಯುತ್ತಿದ್ದರು. ಮಷಿನ್ ಓಡಿಸುವ ಡ್ರೈವರ್ ಸುರಪುರದವನು, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವನು. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮಿಸ್ತ್ರಿ ಎಲ್ಲದಾನ್ರಿ ಸಾವ್ಕಾರ?"

"ಇಕಿನೇ ಮಿಸ್ತ್ರಿ. ಆಕಾಶದಾಗ ಹಾರೋದು ರಿಪೇರಿ ಮಾಡ್ಯಾಳ. ನಿಂದು ನೆಲದ ಮ್ಯಾಲ ತೆವಳೋದು."

"ಆಕಾಶದ್ದು ಕೆಟ್ರ ಒಮ್ಮಿ ಬಿದ್ದು ಸುಮ್ಮನಾಗ್ತದ್ರಿ. ಇದು ಕೆಟ್ರ ನಾ ದಿನಾ ಬೈಸ್ಕೋಬೇಕು."

ನಗು ಬಂತು. ನನ್ನ ಕೆಲಸದ ಬಗ್ಗೆ ಯಾರೂ ಇಷ್ಟು ಸರಿಯಾಗಿ ಹೇಳಿದ್ದಿಲ್ಲ.

ಅವನ ಸಾಮಾನಿನ ಡಬ್ಬಿ ಇಸಿದುಕೊಂಡೆ. ಪಾನಾಗಳೆಲ್ಲ ಗ್ರೀಸು, ಹುಲ್ಲು, ಬೀಡಿ ಬೆಂಕಿಪೆಟ್ಟಿಗೆಗಳ ಜೊತೆ ಕಲಸಿ ಬಿದ್ದಿದ್ದವು. ಒಂದು ಗೋಣಿತಟ್ಟು ಹಾಸಿ, ಒಂದೊಂದನ್ನೂ ಒರೆಸಿ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟೆ. "ಅಂಗಡಿ ಹಾಕ್ಯಾರ ಅಕ್ಕಾರ" ಎಂದು ಡ್ರೈವರ್ ಕಾಕಿಗೆ ಹೇಳಿದ. ಕಾಕಿ, "ಅಂಗಡಿ ಮುಚ್ಚೋದ್ರೊಳಗ ಮಳಿ ಬರ್ತದ ತಗೊ" ಎಂದಳು.

ಪಕ್ಕದ ತಗಡು ತೆರೆದೆ. ಒಳಗಿನಿಂದ ಬಿಸಿ ಗಾಳಿ, ಹೊಟ್ಟು, ಸುಟ್ಟ ರಬ್ಬರಿನ ವಾಸನೆ ಒಟ್ಟಿಗೆ ಮುಖಕ್ಕೆ ಬಂತು. ಡ್ರಮ್ಮು ತಿರುಗಿಸುವ ರಬ್ಬರಿನ ಪಟ್ಟಾ ಸಡಿಲವಾಗದಂತೆ ಒತ್ತಿ ಹಿಡಿಯುವ ಒಂದು ಸಣ್ಣ ಗಾಲಿ ಇರುತ್ತದೆ. ಅದರ ಬೇರಿಂಗ್ ಕಚ್ಚಿಕೊಂಡಿತ್ತು. ಗಾಲಿ ತಿರುಗದೆ ಪಟ್ಟಾ ಉಜ್ಜಿ ಸುಟ್ಟಿತ್ತು. ಬೇರಿಂಗಿನ ಮೇಲಿನ ನಂಬರು ಹೇಳಿದೆ. ಮಾಮಾ ಶಹಾಪುರಕ್ಕೆ ಓಡಿ ಬೇರಿಂಗು, ಪಟ್ಟಾ ಎರಡೂ ತಂದರು. ಅಷ್ಟರಲ್ಲಿ ನಾನೂ ಡ್ರೈವರೂ ಹಳೆಯದನ್ನು ಬಡಿದು ತೆಗೆದಿದ್ದೆವು.

ಆ ಹೊತ್ತಿನ ಸಂತೋಷವನ್ನು ಹೇಗೆ ಹೇಳಲಿ. ವಿಮಾನದಲ್ಲಿ ನಾನು ಬದಲಿಸಿದ ಭಾಗ ಕೆಲಸ ಮಾಡುವುದನ್ನು ನಾನೆಂದೂ ನೋಡಿರಲಿಲ್ಲ; ಅದು ಎಲ್ಲೋ ಮೋಡದ ಮೇಲೆ ತಿರುಗುತ್ತಿತ್ತು. ಇಲ್ಲಿ ಪೈರು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಹೊಸ ಬೇರಿಂಗು ತನ್ನ ಜಾಗದಲ್ಲಿ ಕೂತಾಗ ಒಂದು ಸಣ್ಣ ಸದ್ದು ಬರುತ್ತದೆ, ಕೂತೆ ಎಂದು ತಾನೇ ಹೇಳಿದ ಹಾಗೆ. ಆ ಸದ್ದು ಕೇಳಿ ನಾನೂ ಡ್ರೈವರೂ ಒಟ್ಟಿಗೆ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದೆವು. ಪಟ್ಟಾ ಏರಿಸಿದೆವು, ಗಾಲಿಯನ್ನು ಒತ್ತಿ ಬೋಲ್ಟು ಬಿಗಿ ಮಾಡಿ ತಗಡು ಮುಚ್ಚಿದೆವು.

ಸಾಮಾನು ತಟ್ಟಿಗೆ ತಂದಿಟ್ಟು ನೋಡಿದೆ. ಹದಿನೇಳು ನಂಬರಿನದು ಇತ್ತು. ಅದರಾಚೆ ಇಪ್ಪತ್ತೆರಡರದು. ನಡುವಿನ ಹತ್ತೊಂಬತ್ತರ ಪಾನಾ ಇರಲಿಲ್ಲ.

ಡ್ರೈವರ್ ಸೀಟಿಗೆ ಹತ್ತಿ ಕುಳಿತಾಗಿತ್ತು. ಪಶ್ಚಿಮದಲ್ಲಿ ಮೋಡ ಹಲಗೆಯಂತೆ ಕಪ್ಪಾಗಿತ್ತು.

"ತಡೀರಿ. ಚಾಲು ಮಾಡಬ್ಯಾಡ್ರಿ. ಒಂದು ಪಾನಾ ಇಲ್ಲ."

"ಇರ್ತದ ತಗೋರಿ ಅಕ್ಕಾರ ಎಲ್ಲೋ, ಹುಲ್ಲಿನಾಗ. ಆಮ್ಯಾಲ ಹುಡುಕೂಣು."

"ಒಳಗಿದ್ರ?"

"ಒಳಗ್ಯಾಕ ಇರ್ತದ?"

"ಇಲ್ಲ ಅಂತ ನಿಮಗ ಖಾತ್ರಿ ಅದ ಏನು?"

ಅವನು ಮೋಡದ ಕಡೆ ನೋಡಿದ. ನಾನು ಏಣಿ ಹತ್ತಿ, ಅವನ ಮುಂದೆ ಕೈಚಾಚಿ, ಕೀಲಿ ತೆಗೆದು ನನ್ನ ಕಿಸೆಯಲ್ಲಿಟ್ಟುಕೊಂಡೆ. ಯಾಕೆ ಅಷ್ಟು ಧೈರ್ಯ ಬಂತೋ ಈಗಲೂ ಗೊತ್ತಿಲ್ಲ. ಕೈ ನಡುಗುತ್ತಿರಲಿಲ್ಲ ಎಂದು ಮಾತ್ರ ಗೊತ್ತು.

ಮಾಮಾ ಬದುವಿನಿಂದ ಓಡಿ ಬಂದರು. "ಏ, ತಲಿ ನೆಟ್ಟಗ ಅದ ಏನು ನಿಂದು? ಮೋಡ ಕಾಣವಲ್ದೇನು? ಕೀಲಿ ಕೊಡು!"

"ಕೊಡಂಗಿಲ್ರಿ ಮಾಮಾ. ಡ್ರಮ್ಮಿನಾಗ ಪಾನಾ ಇದ್ರ ಡ್ರಮ್ಮು ಹೋಗ್ತದ. ಸಿಡಿದು ಬಂದ್ರ ಇವರ ತಲಿ ಹೋಗ್ತದ."

"ನನ್ನ ತಲಿ ಗಟ್ಟಿ ಅದರಿ" ಎಂದ ಡ್ರೈವರ್. ಆದರೂ ಕೆಳಗಿಳಿದ. ತಗಡು ಮತ್ತೆ ತೆರೆದೆವು. ಡ್ರಮ್ಮಿನ ಮುಚ್ಚಳ ಬಿಚ್ಚಿದೆವು. ನಾನು ಭುಜದವರೆಗೆ ಕೈ ಹಾಕಿ ಹಲ್ಲು ಹಲ್ಲುಗಳ ಸಂದಿ ತಡವಿದೆ. ಅವನು ಮಷಿನ್ನಿನ ಕೆಳಗೆ ಕೆಸರಿನಲ್ಲಿ ಅಂಗಾತ ಮಲಗಿ ನೋಡಿದ. ಮಾಮಾ ಬೈಯುತ್ತಲೇ ಮಂಡಿಯೂರಿ ಹುಲ್ಲು ಕೆದಕಿದರು.

ಗಾಳಿ ಎದ್ದಿತು. ಕಾಕಿ ತಾಡಪತ್ರಿಯ ಅಂಚಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತ ಅಲ್ಲಿಂದಲೇ ಕೂಗುತ್ತಿದ್ದಳು. "ಯವ್ವಾ, ಒಂದು ಪಾನಾಕ್ಕ ಹತ್ತು ಪಾನಾ ಕೊಡಸ್ತೀನಿ, ಚಾಲು ಮಾಡಿಸ ತಾಯಿ! ನನ್ನ ನೆಲ್ಲೆಲ್ಲ ಮಲಗತದ! ಇಮಾನ ಅಲ್ಲಬೇ ಇದು, ಏನು ದೆಹಲಿಗಿ ಹೊಂಟಾದ?"

ಅವಳ ಮಾತು ನ್ಯಾಯವಾಗಿತ್ತು. ನಾನು ಕೀಲಿ ಕೊಡಲಿಲ್ಲ.

ಮೊದಲ ಗುಡುಗಿಗೆ ತಾಡಪತ್ರಿಯ ಒಂದು ಮೂಲೆ ಗಾಳಿಗೆ ಎದ್ದು ಪಟಪಟ ಬಡಿಯಿತು. ಕಾಕಿಗೆ ಒಬ್ಬಳಿಗೇ ಹಿಡಿಯಲಾಗದೆ ಡ್ರೈವರ್ ಓಡಿಹೋಗಿ ಮೂಲೆ ಒತ್ತಿ ಕುಳಿತ. ಅಂಚಿಗೆ ಭಾರ ಇಟ್ಟಿದ್ದ ಕಲ್ಲುಗಳನ್ನು ಸರಿಸಿಟ್ಟ. ಆಮೇಲೆ ಏನೋ ಒಂದನ್ನು ಕೈಯಲ್ಲಿ ಹಿಡಿದು ಮೇಲೆತ್ತಿದ.

"ಕಾಕಿ, ಇದೇನು?"

ಕಾಕಿ ನೋಡಿದಳು. ನಾವೂ ನೋಡಿದೆವು. ಹತ್ತೊಂಬತ್ತರ ಪಾನಾ.

"ಅದಾ... ಕಬ್ಬಣ ಇತ್ತು. ಕಲ್ಲಿಗಿಂತ ಛಲೋ ಭಾರ ಆಗ್ತದ ಅಂತ ನೀವು ಪಟ್ಟಾ ಏರಸೂವಾಗ ತಟ್ಟಿನ ಮ್ಯಾಲಿಂದ ತಂದು ಇಟ್ಟೆ." ಆಮೇಲೆ ತಾನೇ ಕೂಗಿದಳು: "ನಂಗೇನು ಗೊತ್ತು ನೀವು ಇದನ್ನ ಹುಡುಕಾಕತ್ತೀರಿ ಅಂತ! ಪಾನಾ ಪಾನಾ ಅಂದ್ರ ನಾ ಅದೆಷ್ಟು ದೊಡ್ಡದೋ ಅಂದ್ಕೊಂಡಿದ್ದೆ!"

ಮಾಮಾ ಬದುವಿನ ಮೇಲೆ ಕೂತುಬಿಟ್ಟರು. ಡ್ರೈವರ್ ನಗುತ್ತಲೇ ಏಣಿ ಹತ್ತಿದ. ಕೀಲಿ ಕೊಟ್ಟೆ. ಡ್ರಮ್ಮಿನ ಮುಚ್ಚಳ, ತಗಡು ಎರಡೂ ಮುಚ್ಚಿದ್ದೇ ತಡ ಮಷಿನ್ನು ಗುಡುಗಿಗಿಂತ ಜೋರಾಗಿ ಚಾಲೂ ಆಯಿತು. ಹೊಸ ಪಟ್ಟಾ ತಿರುಗಿತು, ಡ್ರಮ್ಮು ತಿರುಗಿತು, ಪೈರು ಒಳಗೆ ನುಗ್ಗಿತು, ಕಾಳು ಸುರಿಯುವ ಸದ್ದು ಬಂತು. ನಾನು ಮಷಿನ್ನಿನ ಪಕ್ಕದಲ್ಲೇ ಕೆಸರಿನಲ್ಲಿ ಓಡುತ್ತಿದ್ದೆ. ಮಕ್ಕಳ ಹಾಗೆ ಕೂಗಿದೆನೇನೋ. ಕೂಗಿದೆ ಎಂದು ಮಾಮಾ ಈಗಲೂ ಹೇಳುತ್ತಾರೆ.

ಮಳೆ ಬಂತು. ಗದ್ದೆಯ ಒಂದು ಮೂಲೆ ಕೊಯ್ಯದೆ ಉಳಿಯಿತು. ನಮ್ಮ ಕಣ್ಣ ಮುಂದೆಯೇ ದಪ್ಪ ಹನಿ ಹೊಡೆದು ಆ ಪೈರು ಪಕ್ಕಕ್ಕೆ ಬಾಗಿ ಮಲಗಿತು. ಹುಡುಕಾಟದಲ್ಲಿ ಹೋದ ಹೊತ್ತು ಸಿಕ್ಕಿದ್ದರೆ ಅದೂ ಆಗುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವ ದಾರಿಯಿಲ್ಲ.

ಆ ಸಂಜೆ ಅಕ್ಕನ ಮನೆಯಲ್ಲೇ ಉಳಿದೆ. ಮಾಮಾ ರೊಟ್ಟಿ ಮುರಿಯುತ್ತ ಬೈದರು. ನನ್ನ ಓದಿಗೆ, ನನ್ನ ಕಂಪನಿಗೆ, ಪಾನಾಗಳ ನಂಬರು ಮಾಡಿದವನಿಗೆ, ಒಂದನ್ನೂ ಬಿಡಲಿಲ್ಲ. ಊರ ಮುಂದೆ ಮರ್ಯಾದೆ ಹೋಯಿತೆಂದರು. ಅಕ್ಕ ಬುಟ್ಟಿ ಹಿಡಿದು ನಿಂತು, "ಬೈಯೋದು ಮುಗೀತಾ? ಇನ್ನೊಂದು ರೊಟ್ಟಿ ಹಾಕ್ಲಾ?" ಎಂದಳು. "ಹಾಕು, ಆಕಿಗೂ ಹಾಕು" ಎಂದರು ಮಾಮಾ. ನನಗೆ ತಡೆಯಲಾಗದಷ್ಟು ಹಸಿವಾಗಿತ್ತು. ಟಾರ್ಚು ಕಳೆದ ದಿನ ಆ ತಂಪು ಕೋಣೆಯಲ್ಲಿ ಯಾರಾದರೂ ಹೀಗೆ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬೈದು ಜೊತೆಗೆ ಊಟಕ್ಕೆ ಕೂತಿದ್ದರೆ.

ಆದರೆ ಒಂದು ಮಾತು ಮನಸ್ಸಿನಲ್ಲಿ ಸ್ಪಷ್ಟವಿತ್ತು. ಒಂದು ಮೂಲೆ ಪೈರು ಮಲಗಿಸಿದ ಮಿಸ್ತ್ರಿಯನ್ನು ಇಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ. ಬೆಳಿಗ್ಗೆ ಹೈದರಾಬಾದಿಗೆ ಹೂಂ ಎನ್ನಬೇಕು.

ಬೆಳಿಗ್ಗೆ ಬಿಸಿಲು ಹರಿಯಿತು. ಮಲಗಿದ ಪೈರು ಒಣಗಲು ಕಾಯಬೇಕಿತ್ತು. ಮಾಮಾ ನನಗೇನೂ ಹೇಳದೆ ಮೋಟಾರ್‌ಸೈಕಲ್ ಚಾಲೂ ಮಾಡಿ ಹಿಂದಿನ ಸೀಟು ಕೈಯಿಂದ ತಟ್ಟಿದರು. ಹತ್ತಿದೆ.

ಗದ್ದೆಯಲ್ಲಿ ಡ್ರೈವರ್ ನಮಗಿಂತ ಮೊದಲೇ ಬಂದಿದ್ದ. ಮಷಿನ್ನಿನ ಮುಂದೆ ಗೋಣಿತಟ್ಟು ಹಾಸಿ ಪಾನಾಗಳನ್ನು ಸಾಲಾಗಿ ಇಟ್ಟಿದ್ದ. ಕೆಲವು ಹಿಂದು ಮುಂದಾಗಿದ್ದವು, ಆದರೆ ಎಲ್ಲ ಇದ್ದವು. ತಗಡು ತೆರೆದಿತ್ತು.

"ಅಕ್ಕಾರ, ಇಲ್ಲಿ ಬರ್ರಿ. ಇದು ಹಿಂಗೇ ಇರೋದೇನು?"

ಗಾಲಿಯನ್ನು ಹಿಡಿದ ಬೋಲ್ಟಿಗೆ ಎರಡು ನಟ್ಟು. ಮೊದಲನೆಯದು ಬಿಗಿ ಮಾಡಿ, ಅದು ಸಡಿಲವಾಗದಂತೆ ಮೇಲೊಂದು ಚೆಕ್ ನಟ್ಟು ಒತ್ತಿ ಕೂರಿಸಬೇಕು. ಅವನು ಆ ಚೆಕ್ ನಟ್ಟನ್ನು ಪಾನಾ ಇಲ್ಲದೆ ಬರಿ ಬೆರಳಿನಿಂದ ತಿರುಗಿಸಿ ತೋರಿಸಿದ. ಸುಲಭವಾಗಿ ತಿರುಗಿತು.

ನಾನು ಅದನ್ನು ಬಿಗಿ ಮಾಡಿರಲಿಲ್ಲ. ಬೆರಳಿನಿಂದ ಹಾಕಿ, ಪಾನಾಕ್ಕೆ ಕೈಚಾಚಿ, ಮತ್ತೇನೋ ಮಾಡಿ, ಮುಗಿಯಿತು ಎಂದುಕೊಂಡಿದ್ದೆ. ಕಳೆದ ಪಾನಾಕ್ಕಾಗಿ ಅಷ್ಟೊಂದು ಹುಡುಕಾಡಿದಾಗಲೂ ಇದರ ಮುಂದೆಯೇ ಕೈ ಆಡಿಸಿದ್ದೆ. ನನ್ನ ಕಣ್ಣಿಗೆ ಅದು ಬಿಗಿಯಾಗಿಯೇ ಕಂಡಿತ್ತು.

"ಇಲ್ರಿ. ಹಿಂಗ ಇರಬಾರದು. ನಾ ಮರ್ತೀನಿ."

"ಇನ್ನೊಂದು ತಾಸು ಓಡಿಸಿದ್ರ?"

"ಗಾಲಿ ಕಳಚಿ ಬೀಳ್ತಿತ್ತು. ಪಟ್ಟಾ ಹರೀತಿತ್ತು."

"ಇಮಾನಕ್ಕೂ ಹಿಂಗೇ ಬಿಡ್ತಿದ್ರೇನು?"

ನಾನು ನಗಲು ಶುರುಮಾಡಿದೆ. ನಿಲ್ಲಿಸಲಾಗಲಿಲ್ಲ. ಮಷಿನ್ನಿನ ಚಕ್ರಕ್ಕೆ ಬೆನ್ನು ಕೊಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಮಾಮಾ ಹೆದರಿ, "ಯಾಕಬೇ, ಏನಾತು?" ಎಂದರು. ಏನಾಯಿತೆಂದು ಹೇಗೆ ಹೇಳಲಿ? ಒಂದು ವರ್ಷದಿಂದ ನನ್ನ ಯಾವ ಕೆಲಸದಲ್ಲೂ ಯಾರೂ ತಪ್ಪು ಹಿಡಿದಿರಲಿಲ್ಲ. ನಾನು ತಪ್ಪೇ ಮಾಡಿಲ್ಲ ಎಂದು ಅದರ ಅರ್ಥವಲ್ಲ. ಯಾರೂ ನೋಡಿರಲಿಲ್ಲ, ಅಷ್ಟೆ.

"ಯಾಕ ಮುಟ್ಟಿ ನೋಡಿದ್ರಿ ಇದನ್ನ?" ಎಂದು ಡ್ರೈವರನ್ನು ಕೇಳಿದೆ.

"ನಿನ್ನಿ ನೀವು ಕೀಲಿ ಕಸಗೊಂಡು ಕಿಸೆದಾಗ ಇಟ್ಕೊಂಡ್ರಲ್ರಿ. ಅಷ್ಟು ಮಂದಿ ಬೈದ್ರೂ ಕೊಡಲಿಲ್ಲ. ಮನಿಗಿ ಹೋಗಿ ಮಲಗಿದ್ರ ಅದೇ ಕಣ್ಣಿಗೆ ಕಟ್ಟಾಕತ್ತಿತ್ತು. ನನ್ನ ತಲಿ ಬಗ್ಗಿ ನನಗೇ ಇಲ್ಲದ ಕಾಳಜಿ ಇಕಿಗ್ಯಾಕ ಅಂತ. ಮುಂಜಾನೆ ಬಂದು ಒಂದೊಂದೇ ಮುಟ್ಟುತ್ತ ಹೋದೆ." ಅವನು ತಂಬಾಕು ಉಗುಳಿ ಬಂದ. "ನಾ ಏನು ನಿಮ್ಮ ಮ್ಯಾಲ ಸಂಶೆ ಪಟ್ಟು ನೋಡಿಲ್ರಿ."

"ಸಂಶೆ ಪಟ್ಟೇ ನೋಡ್ರಿ" ಎಂದೆ. "ದಿನಾ ನೋಡ್ರಿ."

ಚೆಕ್ ನಟ್ಟು ಬಿಗಿ ಮಾಡಿ, ಅವನ ಕೈಗೆ ಪಾನಾ ಕೊಟ್ಟು ಒತ್ತಿ ನೋಡಿಸಿ, ಬದುವಿನ ಮೇಲೆ ಹೋಗಿ ಹೈದರಾಬಾದಿಗೆ ಫೋನ್ ಮಾಡಿದೆ.  ನಮ್ಮ ಹಿರಿಯರು ಎತ್ತಿದರು. ಬರುವುದಿಲ್ಲ ಎಂದೆ. ಅವರು ಕಾರಣ ಕೇಳಲಿಲ್ಲ. ಹಿಂದೆ ವಿಮಾನವೊಂದು ಏರುವ ಸದ್ದು ಕೇಳುತ್ತಿತ್ತು. 

"ಅಲ್ಲಿ ನಿನ್ನ ಕೆಲಸ ಯಾರು ನೋಡ್ತಾರೆ?" ಎಂದರು.

"ಒಬ್ಬ ಡ್ರೈವರ್ ಇದ್ದಾನೆ ಸರ್. ಈಗ ತಾನೇ ನನ್ನ ತಪ್ಪು ಹಿಡಿದ."

"ಏನದು?"

"ಚೆಕ್ ನಟ್ಟು. ಬೆರಳಿಗೆ ತಿರುಗುತ್ತಿತ್ತು."

ಅವರು ಬೈಯುತ್ತಾರೆಂದುಕೊಂಡೆ. "ಅವನನ್ನು ಬಿಡಬೇಡ" ಎಂದರು. ಅವರ ದನಿ ದಣಿದಿತ್ತು. ಅಲ್ಲಿನ ಕೆಲಸ ಕೆಟ್ಟದ್ದೆಂದು ನಾನು ಆವತ್ತೂ ಅಂದುಕೊಳ್ಳಲಿಲ್ಲ, ಈಗಲೂ ಇಲ್ಲ. ಅವರು ಅಲ್ಲಿ ಒಬ್ಬರೇ ಇದ್ದಾರೆ ಎಂಬುದು ಮಾತ್ರ ಆಗಾಗ ನೆನಪಾಗುತ್ತದೆ.

ಮಾಮಾ ಕಿವಿ ಇಟ್ಟು ಕೇಳುತ್ತ ನಿಂತಿದ್ದರು. "ಹೂಂ ಅಂದ್ಯೋ, ಇಲ್ಲ ಅಂದ್ಯೋ?"

"ಇಲ್ಲ ಅಂದೆ. ಶೆಡ್ಡಿನ ಜಾಗಾ ಎಲ್ಲದ ತೋರಸ್ರಿ."

"ಹುಚ್ಚಿ! ನಾ ಹಾಸ್ಯಕ್ಕ ಅಂದಿದ್ದೆ!" ಎಂದರು. ಆದರೆ ಮುಖ ಬೇರೆಯೇ ಹೇಳುತ್ತಿತ್ತು. "ನಿಮ್ಮಪ್ಪಗ ಯಾರು ಹೇಳ್ತಾರ ಇದನ್ನ?"

"ನೀವೇ ಹೇಳ್ರಿ."

"ನಾ ಒಲ್ಲೆ ತಾಯಿ. ನಂಗ ನಾಲ್ಕು ದಿನ ಬದುಕಬೇಕದ."

ಬಿಸಿಲೇರಿ ಪೈರು ಒಣಗುವ ಹೊತ್ತಿಗೆ ಕಾಕಿ ಬುತ್ತಿ ಗಂಟು ತಲೆ ಮೇಲಿಟ್ಟುಕೊಂಡು ಬದುವಿನ ಮೇಲೆ ಬರುತ್ತಿದ್ದಳು. "ಪಾನಾ ಎಲ್ಲಾ ಅದಾವೇನು, ಇಲ್ಲಾಂದ್ರ ಮತ್ತ ನನ್ನ ಮ್ಯಾಲ ಬರ್ತೀರಿ" ಎಂದು ದೂರದಿಂದಲೇ ಕೂಗಿದಳು. ಡ್ರೈವರ್ ತಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಒಂದೊಂದಾಗಿ ಮುಟ್ಟಿ ನೋಡಿ, ತಲೆಯೆತ್ತಿ, ನೀವೂ ನೋಡಿ ಎಂಬಂತೆ ನನ್ನ ಕಡೆ ಗೋಣು ಹಾಕಿದ. ನಾನು ಹೋಗಿ ಅವನ ಪಕ್ಕ ಕೂತು ನೋಡಿದೆ. ಆಮೇಲೆ ಅವನು ಮೇಲೆ ಹತ್ತಿ ಕೀಲಿ ತಿರುಗಿಸಿದ.